ಮಧ್ಯಾಹ್ನ ಸೋಡಾ ಥರ ಗುಳ್ಳೆ, ಬೆಳಗಿನ ಜಾವ ಮೀನು ಮೇಲೆ: ಗಿಡ ಕೊಟ್ಟ ಆಕ್ಸಿಜನ್ ಎಲ್ಲಿ ಹೋಯ್ತು?

ಗೊದಮೊಟ್ಟೆ:
ಎಲ್ರಿಗೂ ನಮಸ್ಕಾರ. ಮನೆ ಹಿಂದೆ ಒಂದು ಕೊಳ ಇದೆ, ಉದ್ದ 10 ಮೀಟರ್, ಅಗಲ 5, ಆಳ ಹೆಚ್ಚುಕಡಿಮೆ 1 ಮೀಟರ್. ನೀರೊಳಗಿನ ಗಿಡ ಆಕ್ಸಿಜನ್ ಕೊಡತ್ತೆ, ಮೀನಿಗೆ ಒಳ್ಳೇದು ಅಂತ ಓದಿದ್ದೆ, ಅದಕ್ಕೇ ಎರಡು ವರ್ಷದ ಹಿಂದೆ ಒಂದು ಹಿಡಿ ಹೈಡ್ರಿಲಾ ತಂದು ಬಿಟ್ಟೆ. ಈಗ ಅದು ತಳದಿಂದ ನೀರಿನ ಮೇಲ್ಮೈ ತನಕ ಕೊಳದ ತುಂಬಾ ಹಬ್ಬಿದೆ. ಮಧ್ಯಾಹ್ನ ಎಲೆಗಳಿಂದ ಸೋಡಾ ಥರ ಗುಳ್ಳೆ ಏಳ್ತಾ ಇರತ್ತೆ, ದಂಡೆ ಮೇಲೆ ಕೂತು ನೋಡೋಕೇ ಒಂದು ಖುಷಿ. ಆದ್ರೆ ಮೊನ್ನೆ ಎರಡು ದಿನ ಮೋಡ ಮುಚ್ಚಿಕೊಂಡಿತ್ತು, ಮೂರನೇ ದಿನ ಬೆಳಿಗ್ಗೆ ಹೋಗಿ ನೋಡಿದ್ರೆ ಮೀನೆಲ್ಲ ಮೇಲೆ ಬಂದು ಬಾಯಿ ಪಕಪಕ ಅಂತ ತೆರೀತಿದ್ವು, ನಾಲ್ಕು ಆಗ್ಲೇ ಸತ್ತು ತೇಲ್ತಿದ್ವು. ಹತ್ತು ಗಂಟೆ ಹೊತ್ತಿಗೆ ಬಿಸಿಲು ಬಂತು, ಉಳಿದವು ಏನೂ ಆಗದ ಹಾಗೆ ಕೆಳಗೆ ಹೋದ್ವು. ಕೊಳದಲ್ಲಿ ಇಷ್ಟೊಂದು ಗಿಡ ಇದ್ದೂ ಮೀನು ಉಸಿರುಗಟ್ಟಿ ಸಾಯತ್ತೆ ಅಂದ್ರೆ ಏನರ್ಥ? ತುಂಬಾ ಬೇಜಾರಾಗಿದೆ, ಗೊತ್ತಿರೋರು ದಯವಿಟ್ಟು ಹೇಳಿ.

ಹಸಿರೇಉಸಿರು:
ಗಿಡದಿಂದ ಮೀನು ಸತ್ತಿದೆ ಅಂದ್ರೆ ನಂಬೋಕೆ ಆಗ್ತಿಲ್ಲ. ನೀರಿಗೆ ಬೇರೇನೋ ಸೇರಿರಬೇಕು, ಸೋಪಿನ ನೀರೋ ಔಷಧಿಯೋ, ಸ್ವಲ್ಪ ವಿಚಾರಿಸಿ ನೋಡಿ.

ಮೀನ್ಹೊಂಡ:
ವಿಷ ಅಲ್ರೀ ಇದು. ವಿಷ ಆಗಿದ್ರ ಬಿಸಿಲು ಬಂದ ಕೂಡ್ಲೆ ಮೀನು ಚೇತರಿಸಿಕೊಳ್ತಿರಲಿಲ್ಲ. ಹಗಲು ಚಲೋ ಇದ್ದು ನಸುಕಿನ್ಯಾಗ ಮ್ಯಾಲೆ ಬಂದು ಬಾಯಿ ತಗದ್ರ ಅದು ಆಕ್ಸಿಜನ್ ಕೊರತೀನ. ಮೀನು ಸಾಕೋರು ಮೋಡದ ದಿನ ರಾತ್ರಿ ನಿದ್ದಿ ಮಾಡೂದಿಲ್ರಿ, ಹೊಂಡದ ದಂಡಿ ಮ್ಯಾಲೇ ಇರ್ತಾರ. ಒಂದು ಡಿಒ ಮೀಟರ್ (ನೀರಾಗ ಕರಗಿದ ಆಕ್ಸಿಜನ್ ಅಳಿಯೋ ಯಂತ್ರ) ಸಿಕ್ರ ತಂದು ಮಧ್ಯಾಹ್ನ ಒಮ್ಮೆ, ಸೂರ್ಯ ಹುಟ್ಟೂಕಿಂತ ಮೊದಲು ಒಮ್ಮೆ ಅಳದು ನೋಡ್ರಿ.

ಬಿಸಿಲುಕೋಲು:
ಮೀನ್ಹೊಂಡ ಅಣ್ಣ ಹೇಳಿದ್ದು ಸರಿ. ಗೊದಮೊಟ್ಟೆ ಅವ್ರೇ, ನಿಮ್ಮ ಮೀನು ಸತ್ತಿದ್ದು ಓದಿ ಬೇಸರ ಆಯ್ತು. ಈ ತಪ್ಪು ತಿಳುವಳಿಕೆ ನಿಮ್ಮೊಬ್ಬರದಲ್ಲ, ನಮಗೆಲ್ಲ ಅರ್ಧ ಕಥೆ ಮಾತ್ರ ಹೇಳ್ತಾರೆ, ಹಾಗಾಗಿ ಸ್ವಲ್ಪ ಉದ್ದಕ್ಕೆ ಬರೀತೀನಿ.

ಬಿಸಿಲಲ್ಲಿ ಗಿಡ ಆಕ್ಸಿಜನ್ ಬಿಡೋದು ನಿಜ. ಆದ್ರೆ ಗಿಡಾನೂ ಉಸಿರಾಡತ್ತೆ, ಅದೂ ಹಗಲು ರಾತ್ರಿ 24 ಗಂಟೆ. ಹಗಲಲ್ಲಿ ಬಿಡೋದು ಹೆಚ್ಚು ಎಳ್ಕೊಳ್ಳೋದು ಕಮ್ಮಿ, ಅದಕ್ಕೆ ಗುಳ್ಳೆ ಕಾಣತ್ತೆ. ಬೆಳಕು ಹೋದ ಮೇಲೆ ಎಳ್ಕೊಳ್ಳೋದು ಮಾತ್ರ. ನೆಲದ ಮೇಲಿನ ಮರಕ್ಕೂ ಇದೇ ಕಥೆ, ಆದ್ರೆ ಸುತ್ತ ಗಾಳಿಯ ಸಮುದ್ರವೇ ಇರೋದ್ರಿಂದ ನಮಗೆ ಗೊತ್ತಾಗಲ್ಲ. 1 ಲೀಟರ್ ಗಾಳೀಲಿ ಸುಮಾರು 270 ಮಿಲಿಗ್ರಾಂ ಆಕ್ಸಿಜನ್ ಇದ್ರೆ 25 ಡಿಗ್ರಿ ಇರೋ 1 ಲೀಟರ್ ನೀರು ಗಾಳಿಯಿಂದ ಹಿಡಿದಿಟ್ಟುಕೊಳ್ಳೋದು 8 ಮಿಲಿಗ್ರಾಂ ಚಿಲ್ರೆ ಅಷ್ಟೇ. ನೀರು ಬಿಸಿಯಾದಷ್ಟೂ ಇದು ಇನ್ನೂ ಇಳಿಯತ್ತೆ, 20 ಡಿಗ್ರಿಲಿ 9.1 ಇರೋದು 30 ಡಿಗ್ರಿಗೆ 7.5ರ ಹತ್ತಿರ ಬರತ್ತೆ. ಅದೇ ಹೊತ್ತಿಗೆ ಬಿಸಿ ಹೆಚ್ಚಾದ ಹಾಗೆ ಗಿಡ, ಮೀನು, ಕೆಸರಿನ ಬ್ಯಾಕ್ಟೀರಿಯಾ ಎಲ್ಲದರ ಉಸಿರಾಟಾನೂ ಜೋರಾಗತ್ತೆ, 10 ಡಿಗ್ರಿ ಏರಿದ್ರೆ ಹೆಚ್ಚುಕಡಿಮೆ ಎರಡರಷ್ಟು. ಉಗ್ರಾಣ ಚಿಕ್ಕದಾಗ್ತಾ ಹೋಗತ್ತೆ, ಉಣ್ಣೋರ ಹಸಿವು ಹೆಚ್ಚಾಗ್ತಾ ಹೋಗತ್ತೆ.

ಇನ್ನೊಂದು ವಿಷಯ ನೀವು ನೋಡಿ ಖುಷಿಪಟ್ಟ ಗುಳ್ಳೆದು. ಗುಳ್ಳೆ ಮೇಲೆ ಬಂತು ಅಂದ್ರೆ ಆ ಆಕ್ಸಿಜನ್‌ನ ಬಹುಪಾಲು ಕೊಳ ಬಿಟ್ಟು ಗಾಳಿಗೆ ಹೋಯ್ತು ಅಂತ ಅರ್ಥ. ನೀರು ತನ್ನ ಕೈಲಾದಷ್ಟು ತುಂಬಿಕೊಂಡಾಗಿದೆ, ಇನ್ನು ಹಿಡಿಯಲ್ಲ. ಹಾಗಾಗಿ ಮಧ್ಯಾಹ್ನದ ಗುಳ್ಳೆ ನೋಡಿ ಕೊಳ ಆರೋಗ್ಯವಾಗಿದೆ ಅಂತ ಹೇಳೋಕಾಗಲ್ಲ. ಕೊಳದ ಆರೋಗ್ಯ ಗೊತ್ತಾಗೋದು ಸೂರ್ಯ ಹುಟ್ಟೋಕೆ ಅರ್ಧ ಗಂಟೆ ಮುಂಚೆ ಎಷ್ಟು ಉಳಿದಿದೆ ಅನ್ನೋದ್ರಲ್ಲಿ.

ನಿಮ್ಮಲ್ಲಿ ಎರಡು ದಿನ ಮೋಡ ಇತ್ತು ಅಂದ್ರಲ್ಲ, ಹಗಲ ದುಡಿಮೆ ತೀರಾ ಕಮ್ಮಿ ಆಯ್ತು, ರಾತ್ರಿಯ ಖರ್ಚು ಮಾತ್ರ ಹಾಗೇ ಇತ್ತು.

ಗೊದಮೊಟ್ಟೆ:
ಸರ್ ತುಂಬಾ ಧನ್ಯವಾದ, ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಗೆಳೆಯರ ಹತ್ರ ಮೀಟರ್ ಕೇಳಿ ತಂದೆ. ನಿನ್ನೆ ಒಳ್ಳೆ ಬಿಸಿಲಿತ್ತು. ಮಧ್ಯಾಹ್ನ 3 ಗಂಟೆಗೆ ಲೀಟರಿಗೆ 13 ಮಿಲಿಗ್ರಾಂ ತೋರಿಸ್ತು, ಇವತ್ತು ಬೆಳಿಗ್ಗೆ ಐದೂವರೆಗೆ 2.1! ಮೊದ್ಲು ಮೀಟರ್ ಕೆಟ್ಟಿದೆ ಅಂದ್ಕೊಂಡೆ, ಮೂರು ಸಲ ಅಳೆದೆ, ಅಷ್ಟೇ ಬಂತು. ಮೀನು ಜಾಸ್ತಿ ಆಗಿ ಹೀಗಾಗ್ತಿದ್ಯಾ? ಒಂದು 20 ಮೀನಿದೆ, ಎಲ್ಲ ಸೇರಿ 6 ಕೆಜಿ ಇರಬಹುದು.

ಮೀನ್ಹೊಂಡ:
2.1 ಅಂದ್ರ ಭಾಳ ಕಡಿಮಿ ಆತ್ರಿ. 5ರ ಮ್ಯಾಲಿದ್ರ ಮೀನು ಆರಾಮ ಇರ್ತಾವ, 3ಕ್ಕ ಇಳದ್ರ ಒದ್ದಾಡ್ತಾವ, 2ರ ಕೆಳಗ ಹೋದ್ರ ಹೆಚ್ಚಿನವು ಉಳಿಯೂದಿಲ್ಲ. ಗಾಳಿ ಕುಡದು ಬದುಕೋ ಜಾತಿ ಮೀನು ಆದ್ರ ಮಾತು ಬ್ಯಾರೆ.

ಬಿಸಿಲುಕೋಲು:
ಈಗ ನಿಮ್ಮದೇ ಅಂಕಿ ಇಟ್ಟುಕೊಂಡು ಲೆಕ್ಕ ಹಾಕೋಣ, ಮೀನಿನ ತಪ್ಪಿಲ್ಲ ಅಂತ ನಿಮಗೇ ಗೊತ್ತಾಗತ್ತೆ. 10 ಇಂಟು 5 ಇಂಟು 1 ಮೀಟರ್ ಅಂದ್ರೆ 50 ಘನ ಮೀಟರ್, ಅಂದ್ರೆ 50,000 ಲೀಟರ್ ನೀರು. 13ರಿಂದ 2.1ಕ್ಕೆ ಇಳಿದಿದೆ ಅಂದ್ರೆ ಲೀಟರಿಗೆ ಸುಮಾರು 11 ಮಿಲಿಗ್ರಾಂ, ಇಡೀ ಕೊಳಕ್ಕೆ 550 ಗ್ರಾಂ. ಸಂಜೆಯಿಂದ ಬೆಳಿಗ್ಗೆ ಒಳಗೆ ಅರ್ಧ ಕೆಜಿಗಿಂತ ಜಾಸ್ತಿ ಆಕ್ಸಿಜನ್ ಖಾಲಿ! ಇದರಲ್ಲಿ ಒಂದಷ್ಟು ಸಂಜೆ ಹೊತ್ತಲ್ಲಿ ಗಾಳಿಗೆ ಹೋಗಿರತ್ತೆ, ಯಾಕಂದ್ರೆ 13 ಅನ್ನೋದು ನೀರು ಸಹಜವಾಗಿ ಹಿಡಿಯೋದಕ್ಕಿಂತ ಎಷ್ಟೋ ಹೆಚ್ಚು, ಅದು ನಿಲ್ಲಲ್ಲ. ಇನ್ನು ಮೀನಿನ ಪಾಲು: ಮೀನು ಗಂಟೆಗೆ ಕೆಜಿಗೆ 200ರಿಂದ 300 ಮಿಲಿಗ್ರಾಂ ಆಸುಪಾಸು ಬಳಸತ್ತೆ ಅಂತ ಇಟ್ಟುಕೊಂಡ್ರೆ 6 ಕೆಜಿ ಮೀನು 12 ಗಂಟೇಲಿ 20 ಗ್ರಾಂ ದಾಟಿದ್ರೆ ಹೆಚ್ಚು. ಉಳಿದದ್ದೆಲ್ಲ ಯಾರು ಮುಗಿಸಿದ್ದು ಹೇಳಿ? ಗಿಡ, ಗಿಡದ ಮೈಮೇಲಿರೋ ಪಾಚಿ, ತಳದ ಕೊಳೆತ ಎಲೆ ತಿನ್ನೋ ಸೂಕ್ಷ್ಮಜೀವಿಗಳು.

ನೋಡಿ, ಗಿಡ ಕೊಡೋ ಆಕ್ಸಿಜನ್ ದಾನ ಅಲ್ಲ, ಕೈಗಡ. 180 ಗ್ರಾಂ ಗ್ಲೂಕೋಸ್ ಮಾಡುವಾಗ ಗಿಡ 192 ಗ್ರಾಂ ಆಕ್ಸಿಜನ್ ಬಿಡತ್ತೆ. ಆ ಗ್ಲೂಕೋಸನ್ನ ಗಿಡವೇ ಉರಿಸಲಿ, ಹುಳು ತಿನ್ನಲಿ, ಬ್ಯಾಕ್ಟೀರಿಯಾ ಕೊಳೆಸಲಿ, ಪೂರ್ತಿ ಕರಗುವಾಗ ಅದೇ 192 ಗ್ರಾಂ ವಾಪಸ್ ಬೇಕು. ಸತ್ತ ಗಿಡವನ್ನ ನೀರಿಂದ ಆಚೆ ತೆಗೆದ್ರೆ, ಇಲ್ಲಾ ಅದು ಕೊಳೆಯದೆ ಕೆಸರಲ್ಲಿ ಹೂತುಹೋದ್ರೆ ಮಾತ್ರ ಆ ಸಾಲ ಮನ್ನಾ. ನನಗೆ ಇದು ಮೊದಲ ಸಲ ಅರ್ಥ ಆದಾಗ ಕೆರೆ ನೋಡೋ ಕಣ್ಣೇ ಬದಲಾಯ್ತು.

ಟೀಚರಕ್ಕ:
ಎಂಥ ಒಳ್ಳೆ ಚರ್ಚೆ! ನಾನು ಮಕ್ಕಳಿಗೆ ವಿಜ್ಞಾನ ಹೇಳಿಕೊಡ್ತೀನಿ. ಬೀಕರಲ್ಲಿ ಹೈಡ್ರಿಲಾ ಇಟ್ಟು ಮೇಲೆ ಆಲಿಕೆ ಮುಚ್ಚಿ, ನೀರು ತುಂಬಿದ ಪ್ರನಾಳವನ್ನ ಬೋರಲು ಹಾಕಿ ಬಿಸಿಲಲ್ಲಿಡೋ ಪ್ರಯೋಗ ಎಲ್ರೂ ಮಾಡಿರ್ತೀರಿ, ಸೇರಿದ ಗಾಳಿಗೆ ಕೆಂಡ ಇರೋ ಕಡ್ಡಿ ಹಿಡಿದ್ರೆ ಧಗ್ ಅಂತ ಹೊತ್ತಿಕೊಳ್ಳತ್ತೆ. ಒಂದು ಚಿಟಿಕೆ ಅಡುಗೆ ಸೋಡಾ ಹಾಕಿದ್ರೆ ಗುಳ್ಳೆ ಬೇಗ ಬೇಗ ಬರತ್ತೆ, ಯಾಕಂದ್ರೆ ನೀರಲ್ಲಿ ಗಿಡಕ್ಕೆ ಬೇಕಾದ ಇಂಗಾಲ ಸಿಗೋದೇ ಕಷ್ಟ, ಅನಿಲಗಳು ನೀರಲ್ಲಿ ಹರಡೋದು ಗಾಳಿಗಿಂತ ಸುಮಾರು 10,000 ಪಟ್ಟು ನಿಧಾನ. ಅದಕ್ಕೇ ಇವುಗಳ ಎಲೆ ಅಷ್ಟು ತೆಳು, ಹೈಡ್ರಿಲಾ ಎಲೆ ಎರಡೇ ಕೋಶದಷ್ಟು ದಪ್ಪ, ಪತ್ರರಂಧ್ರಾನೂ ಇರಲ್ಲ, ಮೈಯೆಲ್ಲಾ ಬಾಯಿ.

ಯಾನ್ ಇಂಗೆನ್‌ಹೌಸ್ ಅನ್ನೋ ಡಚ್ ವೈದ್ಯ 1779ರಲ್ಲಿ ಒಂದೇ ಬೇಸಿಗೇಲಿ 500ಕ್ಕೂ ಹೆಚ್ಚು ಪ್ರಯೋಗ ಮಾಡಿ, ಎಲೆಗಳನ್ನ ನೀರಲ್ಲಿ ಮುಳುಗಿಸಿ, ಬಿಸಿಲಲ್ಲಿ ಹಸಿರು ಭಾಗ ಮಾತ್ರ ಒಳ್ಳೆ ಗಾಳಿ ಬಿಡತ್ತೆ ಅಂತ ತೋರಿಸಿದ್ರು. ಕತ್ತಲಲ್ಲಿ ಅದೇ ಗಿಡ ಗಾಳಿ ಕೆಡಿಸತ್ತೆ ಅಂತಾನೂ ಅವರೇ ಆಗ್ಲೇ ಹೇಳಿದ್ರು. ನಾವು ತರಗತೀಲಿ ಹಗಲಿನ ಅರ್ಧ ಮಾತ್ರ ತೋರಿಸಿ ರಾತ್ರಿಯ ಅರ್ಧ ಬಿಟ್ಟುಬಿಡ್ತೀವಿ. ಮುಂದಿನ ಸಲ ನಾನು ಪ್ರಯೋಗದ ಇನ್ನೊಂದು ಬೀಕರನ್ನ ಕಪ್ಪು ಬಟ್ಟೆ ಮುಚ್ಚಿ ಪಕ್ಕದಲ್ಲೇ ಇಡ್ತೀನಿ.

ಇನ್ನೊಂದು ಮಾತು, ಆ ಗುಳ್ಳೇಲಿರೋ ಆಕ್ಸಿಜನ್ ಇಂಗಾಲದ ಡೈಆಕ್ಸೈಡಿಂದ ಬಂದದ್ದಲ್ಲ, ನೀರಿಂದ ಬಂದದ್ದು. 1941ರಲ್ಲಿ ರೂಬೆನ್, ಕಾಮೆನ್ ಅನ್ನೋ ವಿಜ್ಞಾನಿಗಳು ಮತ್ತು ಸಂಗಡಿಗರು ಗುರುತು ಸಿಗೋ ಹಾಗೆ ಮಾಮೂಲಿಗಿಂತ ಭಾರದ ಆಕ್ಸಿಜನ್ ಇರೋ ನೀರನ್ನ ಪಾಚಿಗೆ ಕೊಟ್ಟು ಇದನ್ನ ಪತ್ತೆ ಮಾಡಿದ್ರು. ಮಕ್ಕಳಿಗೆ ಹೇಳಿದ್ರೆ ಕಣ್ಣರಳಿಸಿ ಕೇಳ್ತಾರೆ.

ಗಾಜಿನತೊಟ್ಟಿ:
ನಾನು ಅಕ್ವೇರಿಯಂ ಇಟ್ಟಿದ್ದೀನಿ, ಗುಳ್ಳೆ ವಿಷಯದಲ್ಲಿ ನನ್ನದೊಂದು ಮಾತು. ನಲ್ಲಿ ನೀರು ಹೊಸದಾಗಿ ತುಂಬಿದ ದಿನ ಎಲೆ, ಗಾಜು, ಕಲ್ಲು ಎಲ್ಲದರ ಮೇಲೂ ಸಣ್ಣ ಗುಳ್ಳೆ ಅಂಟಿರತ್ತೆ, ಅದು ದ್ಯುತಿಸಂಶ್ಲೇಷಣೆ ಅಲ್ಲ. ಪೈಪಿನ ಒತ್ತಡದಲ್ಲಿ ಕರಗಿದ್ದ ಗಾಳಿ ಒತ್ತಡ ಇಳಿದು ನೀರು ಬೆಚ್ಚಗಾದಾಗ ಹೊರಗೆ ಬರತ್ತೆ ಅಷ್ಟೇ. ಕಲ್ಲಿನ ಮೇಲೂ ಇದ್ಯಾ ಅಂತ ನೋಡಿದ್ರೆ ಗೊತ್ತಾಗತ್ತೆ. ಗಿಡದ ಗುಳ್ಳೆ ಆದ್ರೆ ಕಾಂಡ ಮುರಿದ ಜಾಗದಿಂದ ದಾರದ ಥರ ಒಂದರ ಹಿಂದೆ ಒಂದು ಸಾಲಾಗಿ ಬರ್ತಾವೆ.

ಕೆಸರುಕಾಲು:
ಗುಳ್ಳೆ ಮಾತು ಬಂದಿದ್ದಕ್ಕೆ ಹೇಳ್ತೀನಿ, ಕೆಸರಿಂದ ಬುಳಕ್ ಬುಳಕ್ ಅಂತ ಏಳೋ ದೊಡ್ಡ ಗುಳ್ಳೆ ಇನ್ನೊಂದಿದೆ. ಅದು ಮೀಥೇನ್. ರಾತ್ರೀನೂ ಬರತ್ತೆ, ಕೋಲಿಂದ ಕೆಸರು ಚುಚ್ಚಿದ್ರೆ ಜಾಸ್ತಿ ಬರತ್ತೆ, ಜೊತೆಗೆ ಕೊಳೆತ ಮೊಟ್ಟೆ ವಾಸನೆ ಬಂದ್ರೆ ಗಂಧಕದ ಅನಿಲಾನೂ ಇದೆ ಅಂತ. 1776ರಲ್ಲಿ ವೋಲ್ಟಾ ಅನ್ನೋ ವಿಜ್ಞಾನಿ ಇಟಲಿಯ ಮಾಜೋರೆ ಸರೋವರದ ಕೆಸರಿಂದ ಹಿಡಿದ ಗಾಳಿ ಇದೇ. ತಳದಲ್ಲಿ ಆಕ್ಸಿಜನ್ ಪೂರ್ತಿ ಖಾಲಿ ಆದ ಜಾಗದಲ್ಲೇ ಇದು ಹುಟ್ಟೋದು. ಮೇಲೆ ಎಲೆ ಆಕ್ಸಿಜನ್ ಬಿಡ್ತಿದ್ರೂ ಒಂದು ಮೀಟರ್ ಕೆಳಗೆ ಈ ಸ್ಥಿತಿ ಇರಬಹುದು, ಒಂದೇ ಕೊಳ ಅಂತ ಎಲ್ಲಾ ಕಡೆ ಒಂದೇ ಥರ ಅಂದ್ಕೋಬೇಡಿ.

ಹಸಿರೇಉಸಿರು:
ಸರಿ, ನನ್ನ ಮೊದಲ ಮಾತು ತಪ್ಪಾಗಿತ್ತು, ಒಪ್ಕೋತೀನಿ, ಲೆಕ್ಕ ನೋಡಿದ ಮೇಲೆ ವಾದ ಮಾಡೋದಕ್ಕೇನಿಲ್ಲ. ಹಾಗಾದ್ರೆ ಮೇಲೆ ತೇಲೋ ಗಿಡ ಹಾಕಿದ್ರೆ ಹೇಗೆ? ಅಂತರಗಂಗೆ ಥರದ್ದು. ಅದೂ ಹಸಿರೇ ಅಲ್ವಾ, ನೀರನ್ನೂ ಶುದ್ಧ ಮಾಡತ್ತೆ ಅಂತಾರೆ.

ಬಿಸಿಲುಕೋಲು:
ಅಯ್ಯೋ ಅದು ಬೇಡ. ನಿಮ್ಮ ಕಾಳಜಿ ಅರ್ಥ ಆಗತ್ತೆ, ಆದ್ರೆ ತೇಲೋ ಗಿಡದ ಎಲೆ ಗಾಳೀಲಿರತ್ತೆ, ಅದು ಬಿಡೋ ಆಕ್ಸಿಜನ್ ಹೆಚ್ಚೂಕಮ್ಮಿ ಎಲ್ಲಾ ಗಾಳಿಗೇ ಹೋಗತ್ತೆ. ಬೇರು ಮತ್ತು ಉದುರಿದ ಎಲೆ ಮಾತ್ರ ನೀರಲ್ಲಿ, ಅಂದ್ರೆ ಜಮೆ ಆಕಾಶಕ್ಕೆ, ಖರ್ಚು ನೀರಿಗೆ. ಮೇಲಿಂದ ಚಾಪೆ ಹಾಸಿದ ಹಾಗೆ ಮುಚ್ಚಿಕೊಂಡ್ರೆ ಕೆಳಗೆ ಬೆಳಕೂ ಇಳಿಯಲ್ಲ, ಗಾಳಿ ಬೀಸಿ ಅಲೆ ಎದ್ದು ಆಕ್ಸಿಜನ್ ಕರಗೋ ದಾರೀನೂ ಮುಚ್ಚಿಹೋಗತ್ತೆ. ಅಂತರಗಂಗೆ ತುಂಬಿದ ಕೆರೆ ದೂರದಿಂದ ಹುಲ್ಲುಗಾವಲಿನ ಥರ ಕಾಣತ್ತೆ, ಒಳಗಿನ ನೀರು ಉಸಿರಿಲ್ಲದೆ ಬಿದ್ದಿರತ್ತೆ. ನೀರಿನ ಸಾರ ಹೀರಿಕೊಳ್ಳೋದೇನೋ ನಿಜ, ಆದ್ರೆ ಗಿಡ ಕಿತ್ತು ಆಚೆ ಹಾಕಿದ್ರೆ ಮಾತ್ರ ಅದರಿಂದ ಲಾಭ.

ನೀರಿಗೆ ಆಕ್ಸಿಜನ್ ಕೊಡೋದು ಮುಳುಗಿರೋ ಗಿಡ, ಅದೂ ಬೆಳಕು ಮುಟ್ಟೋ ಆಳದ ತನಕ. ಮೇಲ್ಮೈ ಬೆಳಕಿನ ಶೇಕಡಾ 1 ಉಳಿಯೋ ಆಳದ ಕೆಳಗೆ ಗಳಿಕೆಗಿಂತ ಖರ್ಚೇ ಜಾಸ್ತಿ ಅಂತ ಒಂದು ಸ್ಥೂಲ ಲೆಕ್ಕ ಇದೆ. ಅಳೆಯೋಕೆ ಸುಲಭ ದಾರಿ: 20 ಸೆಂಟಿಮೀಟರ್ ಅಗಲದ ತಟ್ಟೆಗೆ ಕಾಲು ಕಾಲು ಭಾಗ ಕಪ್ಪು ಬಿಳಿ ಬಣ್ಣ ಬಳಿದು, ತೂಕ ಕಟ್ಟಿ ದಾರದಲ್ಲಿ ಇಳಿಸಿ, ಕಣ್ಣಿಗೆ ಮರೆಯಾಗೋ ಆಳ ಗುರುತು ಮಾಡ್ಕೊಳ್ಳಿ. 1865ರಲ್ಲಿ ಇಟಲಿಯ ಸೆಕಿ ಅನ್ನೋ ಪಾದ್ರಿ ಸಮುದ್ರದಲ್ಲಿ ಈ ಥರ ತಟ್ಟೆ ಇಳಿಸಿ ನೋಡಿದ್ರು, ಅವರ ಹೆಸರೇ ಉಳಿದಿದೆ. ಆ ಆಳದ ಎರಡರಿಂದ ಮೂರು ಪಟ್ಟು ತನಕ ಬೆಳಕು ಕೆಲಸಕ್ಕೆ ಬರೋ ಮಟ್ಟಿಗೆ ಇರತ್ತೆ.

ಗೊದಮೊಟ್ಟೆ:
ಹಾಗಾದ್ರೆ ಈ ಹೈಡ್ರಿಲಾನ ಬುಡಸಮೇತ ಕಿತ್ತು ಹಾಕಿಬಿಡ್ಲಾ? ಒಬ್ರು ಕಳೆನಾಶಕ ಹೊಡೀರಿ, ಒಂದು ವಾರಕ್ಕೆ ಎಲ್ಲಾ ಕ್ಲೀನ್ ಅಂದ್ರು.

ಮೀನ್ಹೊಂಡ:
ಬ್ಯಾಡ್ರೀ, ಕೈ ಮುಗೀತೀನಿ! ಹಂಗ ಮಾಡಿ ಒಂದ ವಾರದಾಗ ನಾನು ಹೊಂಡದ ಅಷ್ಟೂ ಮೀನು ಕಳಕೊಂಡೀನಿ. ಕಳಿ ಸತ್ತು ತಳಕ್ಕ ಕುಂತಿತು, ಮೂರನೇ ದಿನಕ್ಕ ನೀರು ಕಪ್ಪಾಗಿ ನಾರೂಕ ಹತ್ತಿತು. ಇವತ್ತಿಗೂ ಅದನ್ನ ನೆನೆಸಿಕೊಂಡ್ರ ಹೊಟ್ಟ್ಯಾಗ ಸಂಕಟ ಆಗತೈತಿ.

ಬಿಸಿಲುಕೋಲು:
ಅಣ್ಣ, ಓದಿ ನನಗೂ ಸಂಕಟ ಆಯ್ತು. ಗೊದಮೊಟ್ಟೆ ಅವ್ರೇ, ಇದಕ್ಕೂ ಲೆಕ್ಕ ಇದೆ ನೋಡಿ. ಲೀಟರಿಗೆ 8 ಮಿಲಿಗ್ರಾಂ ಅಂದ್ರೆ ನಿಮ್ಮ ಇಡೀ ಕೊಳದಲ್ಲಿರೋ ಆಕ್ಸಿಜನ್ 400 ಗ್ರಾಂ. ಹಸಿ ಹೈಡ್ರಿಲಾದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನೀರೇ, ಆದ್ರೂ 5 ಕೆಜಿ ಹಸಿ ಗಿಡ ಅಂದ್ರೆ ಒಣ ತೂಕ ಅರ್ಧ ಕೆಜಿಯ ಹತ್ತಿರ, ಅದು ಪೂರ್ತಿ ಕೊಳೆಯೋಕೆ ಅಷ್ಟೇ ಇಲ್ಲಾ ಅದಕ್ಕಿಂತ ಜಾಸ್ತಿ ಆಕ್ಸಿಜನ್ ಬೇಕು. ಐದೇ ಕೆಜಿ! ನಿಮ್ಮ ಕೊಳದಲ್ಲಿ ಅದರ ಎಷ್ಟೋ ಪಟ್ಟು ಇರತ್ತೆ. ಎಲ್ಲಾ ಒಂದೇ ದಿನ ಕೊಳೆಯಲ್ಲ, ಗಾಳಿಯಿಂದ ಒಂದಷ್ಟು ತುಂಬ್ತಾ ಇರತ್ತೆ, ಸರಿ, ಆದ್ರೂ ಒಂದೇ ಸಲ ಸಾಯಿಸಿದ್ರೆ ಕೊಳ ತಡ್ಕೊಳಲ್ಲ.

ಪೂರ್ತಿ ಕೀಳೋದೂ ಬೇಡ, ಅದಕ್ಕೆ ಬೇರೆ ಕಾರಣ ಇದೆ. ಗಿಡ ಇರೋ ತನಕ ರಂಜಕ ಸಾರಜನಕಗಳನ್ನ ಅದು ಹೀರ್ಕೊಂಡಿರತ್ತೆ, ಬೇರು ಕೆಸರು ಏಳದ ಹಾಗೆ ಹಿಡಿದಿರತ್ತೆ, ಪಾಚಿ ತಿನ್ನೋ ಸಣ್ಣ ನೀರುಚಿಗಟಗಳು ಹಗಲು ಅದರ ಸಂದೀಲಿ ಅಡಗಿರ್ತವೆ. ಗಿಡ ಹೋಯ್ತಾ, ಆ ಸಾರವೆಲ್ಲ ತೇಲೋ ಪಾಚಿಗೆ ಸಿಕ್ಕಿ ನೀರು ಹಸಿರು ಗಂಜಿ ಆಗತ್ತೆ, ಬೆಳಕು ಇಳಿಯಲ್ಲ, ಮತ್ತೆ ಗಿಡ ಹುಟ್ಟೋಕೆ ಬಿಡಲ್ಲ. ಆಳವಿಲ್ಲದ ಕೆರೆಗಳು ಹೀಗೆ ತಿಳಿನೀರು ಇಲ್ಲಾ ಕದಡಿದ ನೀರು ಅಂತ ಎರಡೇ ಸ್ಥಿತೀಲಿ ಗಟ್ಟಿಯಾಗಿ ಕೂತ್ಕೋತವೆ ಅಂತ ಮಾರ್ಟೆನ್ ಸ್ಕೆಫರ್ ಅನ್ನೋ ವಿಜ್ಞಾನಿ ಮತ್ತು ಜೊತೆಯವರು 1993ರಲ್ಲಿ ವಿವರಿಸಿದ್ದಾರೆ. ಒಂದರಿಂದ ಇನ್ನೊಂದಕ್ಕೆ ಜಾರಿದ್ರೆ ವಾಪಸ್ ತರೋದು ಬಹಳ ಕಷ್ಟ. ಪಾಚಿ ನೀರೂ ಹಗಲು ಬೇಕಾದಷ್ಟು ಆಕ್ಸಿಜನ್ ಕೊಡತ್ತೆ, ಆದ್ರೆ ಒಂದು ದಿನ ಇಡೀ ಪಾಚಿ ಒಟ್ಟಿಗೆ ಸತ್ತುಬಿಟ್ರೆ ನಿಮಗೆ ಏನು ಮಾಡೋಕೂ ಸಮಯ ಸಿಗಲ್ಲ.

ಅದಕ್ಕೆ ಹೀಗೆ ಮಾಡಿ. ಮೂರರಲ್ಲಿ ಒಂದು ಪಾಲು ಗಿಡ ಕೈಯಿಂದ ಕಿತ್ತು ದಂಡೆಯಿಂದ ದೂರ ಒಯ್ದು ಹಾಕಿ, ಮಳೆ ಬಂದ್ರೆ ಅದರ ರಸ ಮತ್ತೆ ಕೊಳಕ್ಕೆ ಹರೀಬಾರದು. ಒಂದು ಚೂರೂ ನೀರಲ್ಲಿ ಬಿಡಬೇಡಿ, ಕೊಳೆಯೋದೊಂದೇ ಅಲ್ಲ, ಹೈಡ್ರಿಲಾ ತುಂಡಿಂದಾನೂ ಚಿಗುರತ್ತೆ, ಹಾಗೇ ಹರಿಯೋ ನೀರಿಗೂ ಹಾಕಬೇಡಿ. ಬಿಸಿಲಿರೋ ದಿನ ಬೆಳಿಗ್ಗೆ ಹತ್ತರ ಮೇಲೆ ಕೆಲಸ ಶುರು ಮಾಡಿ, ಯಾಕಂದ್ರೆ ಕೆಸರು ಕದಡಿದಾಗ ಒಂದಷ್ಟು ಆಕ್ಸಿಜನ್ ಖರ್ಚಾಗತ್ತೆ, ಆ ಹೊತ್ತಿಗೆ ನೀರಲ್ಲಿ ಸ್ವಲ್ಪ ಜಮೆ ಇರತ್ತೆ. ಎರಡು ಮೂರು ವಾರ ಬಿಟ್ಟು ಅಳೆದು, ಬೇಕಿದ್ರೆ ಇನ್ನೊಂದು ಪಾಲು.

ಗಾಜಿನತೊಟ್ಟಿ:
ಪಿಎಚ್ (ನೀರು ಆಮ್ಲವೋ ಕ್ಷಾರವೋ ಅಂತ ಹೇಳೋ ಅಳತೆ) ಕೂಡ ಸಂಜೆ ಒಂದ್ಸಲ ನೋಡಿ. ಗಿಡ ದಟ್ಟವಾಗಿದ್ರೆ ಹಗಲೆಲ್ಲ ಇಂಗಾಲದ ಡೈಆಕ್ಸೈಡ್ ಎಳೆದೂ ಎಳೆದೂ ಸಂಜೆಗೆ 9 ದಾಟಿರತ್ತೆ. ಪಿಎಚ್ ಏರಿದ್ರೆ ನೀರಲ್ಲಿರೋ ಅಮೋನಿಯಾ ಮೀನಿಗೆ ಹೆಚ್ಚು ವಿಷ ಆಗತ್ತೆ. ಎಲೆ ಮೇಲೆ ಸುಣ್ಣ ಬಳಿದ ಹಾಗೆ ಬಿಳಿ ಹೊರಪು ಕಟ್ಟಿದ್ರೆ ಅದೂ ಇದೇ ಕಾರಣಕ್ಕೆ, ಗಿಡ ಬೈಕಾರ್ಬನೇಟಿಂದ ಇಂಗಾಲ ತಗೊಂಡು ಸುಣ್ಣ ಹೊರಗೆ ಬಿಟ್ಟಿರತ್ತೆ.

ಮೀನ್ಹೊಂಡ:
ಏರೇಟರ್ (ನೀರು ಕಲಕಿ ಗಾಳಿ ಬೆರೆಸೋ ಯಂತ್ರ) ಇದ್ರ ಮಧ್ಯಾಹ್ನ ಹಚ್ಚಬ್ಯಾಡ್ರಿ. ಆಗ ನೀರು ತುಂಬಿ ತುಳಕತಿರತೈತಿ, ಕಲಕಿದ್ರ ಇದ್ದ ಆಕ್ಸಿಜನ್ ಹಾರಿ ಹೋಗತೈತಿ. ನಡುರಾತ್ರಿಯಿಂದ ಬಿಸಿಲು ಬೀಳೋ ತನಕ ಹಚ್ರಿ. ಮೋಡ ಕವಿದ ದಿನ ಮೀನಿಗೆ ತಿನಿಸು ಹಾಕೋದನ್ನೂ ಬಿಡ್ರಿ.

ಟೀಚರಕ್ಕ:
ಮೀಟರ್ ಇಲ್ಲದೋರಿಗೆ ವಿಂಕ್ಲರ್ ವಿಧಾನ ಇದೆ, 1888ರದ್ದು, ರಾಸಾಯನಿಕ ಹಾಕಿ ಟೈಟ್ರೇಷನ್ ಮಾಡಿ ನೀರಲ್ಲಿ ಕರಗಿದ ಆಕ್ಸಿಜನ್ ಅಳೆಯೋದು, ಕಾಲೇಜು ಲ್ಯಾಬಲ್ಲಿ ಈಗ್ಲೂ ಮಾಡಿಸ್ತಾರೆ. ಒಂದು ಬೆಳಕು ಹಾಯೋ ಗಾಜಿನ ಬಾಟಲಿ, ಒಂದು ಬೆಳಕು ಹೋಗದ ಕಪ್ಪು ಬಾಟಲಿ, ಎರಡಕ್ಕೂ ಅದೇ ಕೊಳದ ನೀರು ತುಂಬಿ ಅದೇ ಆಳದಲ್ಲಿ ಹಗಲು ಕೆಲವು ಗಂಟೆ ಮುಳುಗಿಸಿಟ್ಟು ಆಮೇಲೆ ಎರಡನ್ನೂ ಅಳೆದ್ರೆ, ಕಪ್ಪು ಬಾಟಲೀಲಿ ಇಳಿದದ್ದು ಉಸಿರಾಟದ ಖರ್ಚು, ಎರಡರ ವ್ಯತ್ಯಾಸ ಬೆಳಕಿನ ಒಟ್ಟು ಗಳಿಕೆ. ಗಾರ್ಡರ್ ಮತ್ತು ಗ್ರಾನ್ 1927ರಲ್ಲಿ ಪಾಚಿಗೆ ಮಾಡಿದ ಉಪಾಯ ಇದು, ಎಷ್ಟು ಸರಳ ನೋಡಿ.

ಗೊದಮೊಟ್ಟೆ:
ಮೂರು ವಾರ ಆಯ್ತು, ವರದಿ ಕೊಡ್ತೀನಿ. ಮೂರರಲ್ಲೊಂದು ಪಾಲು ಕಿತ್ತೆ, ತಳದಲ್ಲಿ ಒಂದು ಗೇಣು ಕೊಳೆತ ಸೊಪ್ಪಿತ್ತು, ಬುಟ್ಟೀಲಿ ಎತ್ತಿ ಎತ್ತಿ ಕೈ ಸೋತುಹೋಯ್ತು. ಕೆಸರುಕಾಲು ಅವ್ರು ಹೇಳಿದ ಗುಳ್ಳೆ, ವಾಸನೆ ಎರಡೂ ಅಲ್ಲೇ ಇತ್ತು. ಈಗ ಮಧ್ಯಾಹ್ನ 13ರ ಬದಲು 10.5 ಬರ್ತಿದೆ, ಗುಳ್ಳೆ ಮೊದಲಿನಷ್ಟು ಇಲ್ಲ. ಆದ್ರೆ ಇವತ್ತು ಬೆಳಿಗ್ಗೆ ಐದೂವರೆಗೆ 4.6! ಮೀನು ಒಂದೂ ಮೇಲಿರಲಿಲ್ಲ. ಟಾರ್ಚ್ ಬಿಟ್ಟು ನೋಡಿದೆ, ಗಿಡದ ಪಕ್ಕದಲ್ಲೇ ಸುಮ್ಮನೆ ನಿಂತಿದ್ವು, ಕಣ್ಣು ತುಂಬಿ ಬಂತು.

ಬಿಸಿಲುಕೋಲು:
ಓದಿ ತುಂಬಾ ಸಂತೋಷ ಆಯ್ತು. 10.5 ಕಮ್ಮಿ ಅಂತ ಬೇಜಾರು ಮಾಡ್ಕೋಬೇಡಿ, ಅದೇ ಸರಿ. ಮುಂದೆ ಮೋಡ ಕವಿದ ದಿನ ಬಂದ್ರೆ ಅದರ ಮರುದಿನ ಬೆಳಿಗ್ಗೆ ಎಷ್ಟು ಬಂತು ಅಂತ ಇಲ್ಲೇ ಹಾಕಿ, ಎರಡನೇ ಪಾಲು ಕೀಳಬೇಕಾ ಬೇಡ್ವಾ ಅಂತ ಆ ಅಂಕಿ ನೋಡಿ ಹೇಳ್ತೀನಿ.